ಸ್ಟಾಂಪಿನೊಳಗಿನ ನೀರು

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ನಮ್ಮ ಬೀದಿಗೆ ಗಡಿಯಾರವೇ ಬೇಕಿರಲಿಲ್ಲ. ಬೆಳಕು ಹರಿಯುತ್ತಲೇ ಕೊಳ್ಳೇಗಾಲದ ನೇಕಾರರ ಬೀದಿಯ ಮನೆಮನೆಯಲ್ಲೂ ಮಗ್ಗ ಶುರುವಾಗುತ್ತಿತ್ತು. ಟಕ್ ಟಕಾ, ಟಕ್ ಟಕಾ. ಆ ಸದ್ದಿನಲ್ಲೇ ಹಲ್ಲುಜ್ಜಿ, ಆ ಸದ್ದಿನಲ್ಲೇ ಮಗ್ಗಿ ಬಾಯಿಪಾಠ ಮಾಡಿ ಬೆಳೆದೆ. ಫ್ಯಾನ್ ತಿರುಗದಿದ್ದರೆ ನಿಮಗೆ ನಿದ್ದೆ ಬರುವುದಿಲ್ಲವಲ್ಲ, ಹಾಗೆ ಮಗ್ಗದ ಸದ್ದಿಲ್ಲದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಅಮಾವಾಸ್ಯೆಯ ದಿನ ಮಾತ್ರ ಇಡೀ ಬೀದಿ ಸುಮ್ಮನಿರುತ್ತಿತ್ತು. ಅಂದು ಯಾರೂ ಮಗ್ಗ ಮುಟ್ಟುವಂತಿರಲಿಲ್ಲ.

ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ಅವ್ವ ನೂಲು ಬಿಡಿಸುತ್ತಿದ್ದಳು. ಅಕ್ಕ ಕಂಡಿಕೆ ಸುತ್ತುತ್ತಿದ್ದಳು. ಕಂಡಿಕೆ ಅಂದರೆ ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿ, ಅದಕ್ಕೆ ನೂಲು ಸುತ್ತಿ ಸುತ್ತಿ ಕೊಡುತ್ತಲೇ ಇರಬೇಕು. ನನ್ನ ಜಡೆ ಹಾಕುವವಳು, ಜ್ವರ ಬಂದರೆ ಗಂಜಿ ಕುಡಿಸುವವಳು, ತಪ್ಪು ಮಾಡಿದರೆ ತಲೆಗೆ ಮೊಟಕುವವಳು, ಎಲ್ಲವೂ ಅಕ್ಕನೇ. ಆ ವರ್ಷ ಅವಳ ಮದುವೆ ಗೊತ್ತಾಯಿತು. ಗಂಡಿನ ಊರು ಭವಾನಿ. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಆಗ ಕೆಲವೇ ವರ್ಷವಾಗಿತ್ತು. ಅದಕ್ಕೆ ಮುಂಚೆ ನಾವೂ ಭವಾನಿಯವರೂ ಒಂದೇ ಕೊಯಮತ್ತೂರು ಜಿಲ್ಲೆ. ದೊಡ್ಡವರಿಗೆ ಅದೇನೂ ದೂರ ಅನ್ನಿಸಲಿಲ್ಲ. ನನಗೆ ಮಾತ್ರ ಆ ಊರಿನ ಹೆಸರು ಕೇಳಿದರೇ ಮೈಯೆಲ್ಲ ಉರಿಯುತ್ತಿತ್ತು.

ಆಗಲೇ ಸಿಲೋನಿನಿಂದ ಕಾಗದ ಬಂತು. ನಮ್ಮ ಚಿಕ್ಕಪ್ಪ ಅಲ್ಲಿನ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಮದುವೆಗೆ ಬರಲಾಗುವುದಿಲ್ಲ ಎಂದು ಬರೆದಿದ್ದ. ಅವ್ವ ಅಂಚೆಯಣ್ಣನಿಂದಲೇ ಕಾಗದ ಓದಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರೆ, ನಾನೂ ಅಕ್ಕನೂ ಲಕೋಟೆಗೆ ಕೈ ಹಾಕಿದ್ದೆವು.

“ಜ್ವಾಪಾನವಾಗಿ ಮಡೀಕಳ್ರವ್ವ” ಎಂದ ಅಂಚೆಯಣ್ಣ. “ಇದು ದಿನಾ ಬರೋ ಸ್ಟಾಂಪಲ್ಲ. ಏನೋ ನೆನಪಿಗೆ ಅಂತ ಅಲ್ಲಿ ಸರ್ಕಾರದೋರು ಬ್ಯಾರೇನೇ ಅಚ್ಚಾಕ್ಸವ್ರೆ.”

ನಿಜವಾಗಿಯೂ ಅಂಥದ್ದನ್ನು ನಾವು ನೋಡಿರಲಿಲ್ಲ. ಹೆಬ್ಬೆರಳಿನ ಅಗಲ ಇದ್ದೀತು. ಅಷ್ಟರಲ್ಲೇ ಒಂದು ಕಡುಹಸಿರು ಕಾಡು, ಕಪ್ಪು ಬಂಡೆ, ಬಂಡೆಯ ತಲೆಯಿಂದ ಕೆಳಗಿನವರೆಗೂ ಬೆಳ್ಳಗೆ ಬೀಳುವ ನೀರು. ಅಂಚೆಯ ಮುದ್ರೆ ಮೇಲಿನ ಮೂಲೆಗೆ ಮಾತ್ರ ತಾಗಿತ್ತು. ನೀರಿಗೆ ಮಸಿ ಬಿದ್ದಿರಲಿಲ್ಲ. ಅಕ್ಕ ಲಕೋಟೆಯ ಚೂರನ್ನು ತಟ್ಟೆಯ ನೀರಿನಲ್ಲಿ ನೆನೆಸಿ, ಸ್ಟಾಂಪನ್ನು ಮೆಲ್ಲಗೆ ಬಿಡಿಸಿ ಒಣಗಿಸಿದಳು. ಅನ್ನದ ಒಂದು ಅಗುಳು ಹಿಸುಕಿ ಮಗ್ಗದ ಕಂಬಕ್ಕೆ ಅಂಟಿಸಿದಳು.

“ನಮ್ಮ ಭರಚುಕ್ಕಿನೇ ಇದು” ಎಂದಳು.

“ಸಿಲೋನಿಂದು ಕಣಕ್ಕ” ಎಂದೆ ನಾನು.

“ಸುಮ್ಕಿರೇ, ದೊಡ್ಡ ಮೇಷ್ಟ್ರು! ನೀರ್ಗೆ ಯಾವೂರಾದ್ರೇನು?”

ಅಸಲಿಗೆ ಅವಳು ಭರಚುಕ್ಕಿ ಜಲಪಾತವನ್ನು ಕಣ್ಣಾರೆ ನೋಡಿಯೇ ಇರಲಿಲ್ಲ. ಬಸ್ಸು ಹತ್ತಿದರೆ ಅರ್ಧ ದಿನದಲ್ಲಿ ಹೋಗಿ ಬರಬಹುದಿತ್ತು. ಆದರೆ ಕಾವೇರಿ ತುಂಬಿ ಹರಿಯುವ ಕಾಲಕ್ಕೇ ನಮ್ಮ ಬೀದಿಗೆ ಶ್ರಾವಣದ ಮದುವೆ ಸೀರೆಗಳ ಅವಸರ. ಊರಿನ ಹುಡುಗಿಯರೆಲ್ಲ ಅಪ್ಪ ನೇಯ್ದ ಸೀರೆ ಉಟ್ಟು ಹಸೆಮಣೆ ಏರುತ್ತಿದ್ದರು, ಅಕ್ಕ ಕಂಡಿಕೆ ಸುತ್ತುತ್ತಿದ್ದಳು. ಅವಳು ಯಾವತ್ತೂ ಬಳೆ ಬೇಕು, ಓಲೆ ಬೇಕು ಎಂದು ಬಾಯಿ ಬಿಟ್ಟವಳಲ್ಲ. ಅಂದು ರಾತ್ರಿ ಊಟಕ್ಕೆ ಕೂತಾಗ ಮಾತ್ರ ಕೇಳಿದಳು.

“ಅಪ್ಪಾ, ಓಗೋಕ್ ಮುಂಚೆ ಒಂದ್ಸಲ ಭರಚುಕ್ಕಿ ತೋರ್ಸಪ್ಪ.”

ಅಪ್ಪ ತುತ್ತು ಕೈಯಲ್ಲೇ ಹಿಡಿದು, “ಆಗ್ಲಿ ಕಣವ್ವ. ಅಮಾಸೆ ಬರ್ಲಿ, ಎಲ್ರೂ ಓಗವ” ಎಂದ.

ಆಷಾಢದ ಅಮಾವಾಸ್ಯೆ ಬಂತು. ಅವ್ವ ಹುಳಿಯನ್ನ ಕಲಸಿ ಬಾಳೆಲೆಯಲ್ಲಿ ಕಟ್ಟಿದಳು. ಬಸ್ಸಿನೊಳಗೆ ಬೀಡಿ, ಒದ್ದೆ ಕಂಬಳಿ, ವೀಳ್ಯದೆಲೆ ಎಲ್ಲ ಸೇರಿದ ವಾಸನೆ. ಹೊರಗೆ ಗದ್ದೆಬಯಲಿನ ತಣ್ಣನೆ ಗಾಳಿ. ಅಕ್ಕ ಕಿಟಕಿಯ ಪಕ್ಕ ಕೂತು, ಕಂಬದಿಂದ ಬಿಡಿಸಿ ತಂದ ಸ್ಟಾಂಪನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಬೇಕಂತೆ! ನಾನು ನಗಾಡಿದ್ದಕ್ಕೆ ತಲೆಗೆ ಒಂದು ಮೊಟಕಿದಳು.

ಸತ್ತೇಗಾಲದಲ್ಲಿ ಇಳಿದು ಹೊಳೆಯ ಕಡೆ ನಡೆದೆವು. ಹಳೆಯ ಕಲ್ಲಿನ ಸೇತುವೆ ದಾಟಿದರೆ ಭರಚುಕ್ಕಿಯ ದಾರಿ. ಆದರೆ ಸೇತುವೆಯೇ ಕಾಣಲಿಲ್ಲ. ಕೆಂಪು ನೀರು ಅದರ ಮೇಲೆ ಹತ್ತಿ ಇಳಿಯುತ್ತಿತ್ತು. ಬುಡ ಸಮೇತ ಮರಗಳು ತೇಲಿ ಬರುತ್ತಿದ್ದವು. ದಡದಲ್ಲಿ ನಿಂತಿದ್ದ ಪೊಲೀಸಿನವನು ಕೋಲು ಅಡ್ಡ ಹಿಡಿದ.

“ಎಲ್ಲಿಗ್ ಒಂಟ್ರಿ? ಯಾರೂ ದಾಟಂಗಿಲ್ಲ.”

“ಮದ್ವೆ ಎಣ್ಣು ಸಾ. ನೋಡ್ಬೇಕು ಅಂತ ಆಸೆ ಪಟ್ಟದೆ” ಎಂದ ಅಪ್ಪ.

“ಮದ್ವೆ ಎಣ್ಣಾ? ಅಂಗಾದ್ರೆ ಮೊದ್ಲು ಮನೆಗ್ ಕರ್ಕಂಡೋಗಿ.” ಗದರಿದನಾದರೂ ಅಕ್ಕನ ಮುಖ ನೋಡಿ ಅವನ ದನಿ ಮೆತ್ತಗಾಯಿತು. “ಇಲ್ಲಿಂದ್ಲೇ ಕೇಳ್ಕಳವ್ವ. ಸದ್ದು ಕೇಳ್ತದೆ.”

ಕೇಳುತ್ತಿತ್ತು. ಮರಗಳಾಚೆ ಎಲ್ಲೋ ದೂರದಿಂದ ಗುಡುಗು ನಿಲ್ಲದೆ ಉರುಳಿದಂತೆ ಸದ್ದು. ಆಕಾಶಕ್ಕೆ ಏಳುತ್ತಿದ್ದ ತುಂತುರು ಹೊಗೆಯ ಹಾಗೆ ಕಾಣುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ನಿಂತು ಕೇಳಿದಳು. ಎಷ್ಟು ಹೊತ್ತು ನಿಂತಿದ್ದೆವೋ ಗೊತ್ತಿಲ್ಲ. ದಡದ ಮೇಲೆ ಕೂತು ಹುಳಿಯನ್ನ ತಿಂದೆವು. ಅಕ್ಕ ತಿನ್ನಲಿಲ್ಲ. ಮನೆಗೆ ಬಂದು ಸ್ಟಾಂಪನ್ನು ಮತ್ತೆ ಕಂಬಕ್ಕೆ ಅಂಟಿಸಿದಳು.

ಮದುವೆಗೆ ಮುಂಚೆ ಇನ್ನೊಂದು ಅಮಾವಾಸ್ಯೆ ಇರಲಿಲ್ಲ. ಅಕ್ಕನದೇ ಧಾರೆ ಸೀರೆ ಇನ್ನೂ ಮಗ್ಗದಲ್ಲಿತ್ತು. ಹಸಿರು ಒಡಲು, ಕೆಂಪು ಅಂಚು. ಊರವರ ಸೀರೆಗಳನ್ನೆಲ್ಲ ಮುಗಿಸಿ ಅಪ್ಪ ಅದಕ್ಕೆ ಕೂತ. ಸೀರೆ ಇನ್ನೇನು ಮುಗಿಯಿತು ಅನ್ನುವಾಗ ಒಂದು ಬೆಳಿಗ್ಗೆ ನೋಡಿದರೆ ಸ್ಟಾಂಪು ಕಂಬದಲ್ಲಿಲ್ಲ. ಮಗ್ಗದಲ್ಲಿ ಅಪ್ಪನ ಕಣ್ಣೆದುರಿನ ಅಡ್ಡಪಟ್ಟಿಗೆ ಬಂದು ಕೂತಿದೆ! ಅಕ್ಕ ಅವ್ವನ ಜೊತೆ ಹಪ್ಪಳ ಒತ್ತಲು ಪಕ್ಕದ ಮನೆಗೆ ಹೋಗಿದ್ದಳು. ಅಪ್ಪ ಲಾಳಿ ಪಕ್ಕಕ್ಕಿಟ್ಟು, ಬಿಳಿ ರೇಷ್ಮೆ ಎಳೆಯನ್ನು ಬೆರಳಿನಲ್ಲೇ ಅಲ್ಲಿಷ್ಟು ಇಲ್ಲಿಷ್ಟು ತೂರಿಸುತ್ತಿದ್ದ. ಒಂದು ಎಳೆ ತೂರಿಸುವುದು, ಕತ್ತೆತ್ತಿ ಸ್ಟಾಂಪು ನೋಡುವುದು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಳತುದಿಯಲ್ಲಿ, ಉಟ್ಟವಳಿಗೆ ಬಿಟ್ಟು ಇನ್ನಾರಿಗೂ ಕಾಣದ ಜಾಗದಲ್ಲಿ, ಅಂಗೈಯಗಲದ ಜಲಪಾತ ಮೂಡಿತು. ನಾನು ಹೊಟ್ಟೆಯೊಳಗೆ ಗುಟ್ಟು ಇಟ್ಟುಕೊಂಡು ನಾಲ್ಕು ದಿನ ಪಟ್ಟ ಪಾಡು ಕೇಳಬೇಡಿ.

ಮುಹೂರ್ತದ ದಿನ ಬೆಳಿಗ್ಗೆ ಅವ್ವ ಸೀರೆ ಬಿಚ್ಚಿ ಉಡಿಸಲು ಹಿಡಿದಳು. ಅಕ್ಕ ತುದಿಯನ್ನು ಸೊಂಟಕ್ಕೆ ತಂದವಳೇ ನಿಂತುಬಿಟ್ಟಳು. ನೋಡಿದಳು, ಕತ್ತು ವಾಲಿಸಿ ಇನ್ನೊಮ್ಮೆ ನೋಡಿದಳು. ಆಮೇಲೆ ಕಿಲಕಿಲ ನಕ್ಕಳು.

“ಅಪ್ಪಾ, ಬಾ ಇಲ್ಲಿ! ನಿನ್ ಭರಚುಕ್ಕಿ ಬೀಳ್ತಾ ಇಲ್ಲ, ಮನೀಕಂಡದೆ!”

ಬಾಗಿಲಿಗೆ ಬಂದ ಅಪ್ಪ ಬೆಪ್ಪಾದ. ಸೆರಗು ಹೆಗಲಿನಿಂದ ಕೆಳಗೆ ಇಳಿಬೀಳುತ್ತದೆ, ಅಲ್ಲಿನ ಚಿತ್ರ ನೆಟ್ಟಗೆ ನಿಲ್ಲುತ್ತದೆ. ಸೊಂಟದ ತುದಿ ಮೈಸುತ್ತ ಅಡ್ಡ ಬರುತ್ತದೆ, ಅಲ್ಲಿನ ಚಿತ್ರ ಮಲಗುತ್ತದೆ. ಬೇಕಾದರೆ ನಿಮ್ಮಮ್ಮನ ಸೀರೆ ತಂದು ನೋಡಿ. ಜೀವಮಾನವೆಲ್ಲ ಸೆರಗಿಗೇ ಚಿತ್ರ ನೇಯ್ದ ಅಪ್ಪನ ಕೈ ಇಲ್ಲೂ ಸೆರಗಿನ ಲೆಕ್ಕದಲ್ಲೇ ಓಡಿತ್ತು.

“ಸೆರಗು ಅನ್ಕಂಡೇ ನೇಯ್ದ್‌ಬುಟ್ನಲ್ಲವ್ವ” ಎಂದ. ಮಗಳು ಕೇಳಿದ್ದು ಒಂದೇ ಒಂದು, ಅದನ್ನು ಎರಡು ಸಲ ಕೊಡಲು ಹೋಗಿ ಎರಡು ಸಲವೂ ಸೋತಿದ್ದ.

ಅಕ್ಕ ನಗು ನಿಲ್ಲಿಸಿದಳು. ಒಳತುದಿಯ ಮೇಲೆ ಕೈಯಾಡಿಸುತ್ತ, “ಬುಡಪ್ಪ, ಬಿದ್ದ ನೀರು ಅಲ್ಲೇ ನಿಂತ್ಕಂಡದಾ? ಮುಂದಕ್ ನಡೀತಾ ಅದೆ. ನಮ್ಮೂರ್ಗೇ ಬತ್ತಾ ಅದೆ” ಎಂದಳು.

ಹೌದು, ಭರಚುಕ್ಕಿಯಲ್ಲಿ ಧುಮುಕಿದ ಕಾವೇರಿಯೇ ಭವಾನಿಯನ್ನು ಮುಟ್ಟುತ್ತದೆ. ನಡುವೆ ಮೆಟ್ಟೂರಿನಲ್ಲಿ ಅಣೆಕಟ್ಟು ಇದೆಯಲ್ಲ ಅಜ್ಜಿ ಎಂದು ಭೂಗೋಳ ಹೇಳಲು ಬರಬೇಡಿ, ಅಲ್ಲಿ ಸ್ವಲ್ಪ ಕೂತು ಸುಧಾರಿಸಿಕೊಂಡು ಹೋಗುತ್ತದೆ. ಆದರೆ ಅಂದು ನನ್ನ ಕಿವಿಗೆ ಬಿದ್ದದ್ದು ನೀರಿನ ಮಾತಲ್ಲ. ಅಕ್ಕ ಭವಾನಿಯನ್ನು ‘ನಮ್ಮೂರು’ ಎಂದಿದ್ದಳು. ಅವಳು ಹಾಗೆಂದದ್ದು ಅದೇ ಮೊದಲು. ಅವ್ವ ಮುಖ ತಿರುಗಿಸಿಕೊಂಡಳು. ನಾನು ಜೋರಾಗಿ ಅತ್ತೆ. ಹೊರಡುವ ಹೊತ್ತಿಗೆ ಅಕ್ಕ ಸ್ಟಾಂಪನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. “ಇದು ನಿಂಗೆ. ನಂದು ನನ್ ಸೊಂಟದಲ್ಲೇ ಅದೆ.”

ಅಕ್ಕ ಭರಚುಕ್ಕಿಯನ್ನು ಕೊನೆಗೂ ನೋಡಲಿಲ್ಲ. ತವರಿಗೆ ಬಂದಾಗೆಲ್ಲ ಬೇಸಿಗೆ, ಬರೀ ಬಂಡೆ. ಮಳೆಗಾಲದಲ್ಲಿ ಅವಳ ಮನೆಯಲ್ಲೂ ಮಗ್ಗ. ಈಗ ಅವಳಿಲ್ಲ. ಸ್ಟಾಂಪು ನನ್ನ ಕುಂಕುಮದ ಡಬ್ಬಿಯಲ್ಲಿದೆ, ಹಸಿರು ಹೋಗಿ ಬೂದಿಯ ಬಣ್ಣಕ್ಕೆ ತಿರುಗಿದೆ.

ಹೋದ ಮಳೆಗಾಲದಲ್ಲಿ ನೀವು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಭರಚುಕ್ಕಿಗೆ ಹೋದಿರಿ. ಹೊಸ ಸೇತುವೆ, ಯಾರೂ ಕೋಲು ಅಡ್ಡ ಹಿಡಿಯಲಿಲ್ಲ. ಚಿಪ್ಸಿನ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ತಲುಪಿದೆವು. ಬೇಕೆಂದಾಗ ಹೋಗಬಹುದು, ಫೋನಿನಲ್ಲಿ ಹಿಡಿದು ತರಬಹುದು. ನಿಮ್ಮ ಕಾಲ ಒಳ್ಳೆಯದೇ, ನನಗೇನೂ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ, ಅಕ್ಕನ ಪರವಾಗಿ.

ಸಂಜೆ ಮನೆಯಲ್ಲಿ ನಿಮ್ಮಲ್ಲೊಬ್ಬ ಫೋನು ತಂದು ತೋರಿಸಿದ, ನೆನಪಿದೆಯಾ? ನೀರೆಲ್ಲ ಪರದೆಯಲ್ಲಿ ಅಡ್ಡಡ್ಡ ಓಡುತ್ತಿತ್ತು. “ಅಯ್ಯೋ, ಅಡ್ಡ ಬಂದ್ಬಿಟ್ಟಿದೆ ಅಜ್ಜಿ, ತಾಳು ತಿರುಗಿಸ್ತೀನಿ” ಎಂದ. ನಾನು ಅವನ ಕೈ ಹಿಡಿದುಕೊಂಡು, “ಬ್ಯಾಡ ಕಣ್ಲಾ, ಅಂಗೇ ಇರ್ಲಿ” ಎಂದೆ. ಅಜ್ಜಿಗೆ ಫೋನು ನೋಡಲೂ ಬರುವುದಿಲ್ಲ ಎಂದು ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ.

ಇಷ್ಟೆಲ್ಲ ಹೇಳಿದ್ದು ಅದಕ್ಕೇ. ನಾನು ನೋಡುತ್ತಿದ್ದದ್ದು ಅಕ್ಕನ ಊರಿಗೆ ಹೊರಟ ನೀರು.