ಗಿಟಾರಿನೊಳಗಿನ ಸಹಿ

ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದ, ಧಾರವಾಡ ಮೂಲದ ಗಿಟಾರ್ ರಿಪೇರಿಯವರು ತಾವು ಬದಲಿಸಿದ ಪ್ರತಿ ಭಾಗವನ್ನೂ ವಾದ್ಯದೊಳಗೆ ಪೆನ್ಸಿಲಿನಲ್ಲಿ ಬರೆದು ಸಹಿ ಹಾಕುತ್ತಿದ್ದರು. “ಮಾಡಿದ್ದಕ್ಕ ಹೆಸರಿರಬೇಕು ತಂಗಿ,” ಎನ್ನುತ್ತಿದ್ದರು.

ದಿವಂಗತ ಬ್ಲೂಸ್ ಸಂಗೀತಗಾರರೊಬ್ಬರ ಪ್ರಸಿದ್ಧ ಎಲೆಕ್ಟ್ರಿಕ್ ಗಿಟಾರಿನೊಳಗೂ ಅವರ ಅಂಥ ಬರಹವಿತ್ತು. ಆ ಗಿಟಾರನ್ನು ಮಾರಲು ಹೊರಟ ವ್ಯಾಪಾರಿಗೆ, ಹೆಚ್ಚು ಬೆಲೆ ಬರಲು ಎಲ್ಲ ಭಾಗಗಳೂ ಮೂಲದವೇ ಎಂದು ಹೇಳಬೇಕಿತ್ತು. ಬರಹವನ್ನು ಅಳಿಸಲು ಕೇಳಿದ. ಇವರು ಒಪ್ಪಲಿಲ್ಲ. ಆತ ಕೊಡುತ್ತಿದ್ದ ಕೆಲಸವೆಲ್ಲ ಅಂದೇ ನಿಂತಿತು.

ಸಿಟ್ಟಿಗೆದ್ದ ನಾನು, ನನ್ನ ಹೆಸರು ಹಾಕದೆ ಲೇಖನ ಬರೆದು ಆತನ ಬಣ್ಣ ಬಯಲು ಮಾಡುತ್ತೇನೆಂದೆ.

“ಬರಿ. ಆದ್ರ ಕೆಳಗ ನಿನ್ನ ಹೆಸರು ಹಾಕು,” ಎಂದು ತಮ್ಮ ಪೆನ್ಸಿಲನ್ನೇ ಮುಂದೆ ಹಿಡಿದರು.

ಅಂದಿನಿಂದ ಯಾರನ್ನು ಪ್ರಶ್ನಿಸಿ ಬರೆದರೂ ನನ್ನ ಹೆಸರು ಹಾಕಿಯೇ ಬರೆಯುತ್ತೇನೆ. ಆ ಧೈರ್ಯ ಅವರ ಕೊಡುಗೆ. ಅವರ ಹೆಸರನ್ನು ನಾನಿಲ್ಲಿ ಬರೆದಿಲ್ಲ. ಅದು ಆ ಗಿಟಾರಿನೊಳಗಿದೆ.