ಎಡಗಿವಿಯ ಹೆಂಗಸು

ಆ ಎರಡನೆಯ ಏಟು ನಿಜವಾಗಿ ಬಿತ್ತೋ, ನಾನೇ ಆಮೇಲೆ ಕಲ್ಪಿಸಿಕೊಂಡೆನೋ, ಬಹಳ ವರ್ಷ ನನಗೆ ಖಚಿತವಿರಲಿಲ್ಲ.

ಆಗ ತುಮಕೂರಿನ ಆಸ್ಪತ್ರೆಯೊಂದರಲ್ಲಿ ಹರಿದ ಕಿವಿತಮಟೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೆ. ಪ್ರತಿ ರೋಗಿಗೂ ಒಂದು ಫಾರಂ ತುಂಬಿ, ಗಾಯದ ಕಾರಣ ಬರೆಯಬೇಕು. ಹೊಡೆತ ಎಂದು ಬರೆದರೆ ಪೊಲೀಸರಿಗೂ ತಿಳಿಸಬೇಕು.

ಗುಬ್ಬಿ ಕಡೆಯಿಂದ ಬಂದಿದ್ದ ಆ ಹೆಂಗಸಿನ ಎಡಗಿವಿಯ ರಕ್ತ ರವಿಕೆಯ ಮೇಲೆ ಹೆಪ್ಪುಗಟ್ಟಿತ್ತು. ಕೆನ್ನೆಯ ಮೇಲೆ ಬೆರಳಿನ ಬಾಸುಂಡೆಗಳಿದ್ದವು.

"ಏನಾಯ್ತಮ್ಮ?" ಎಂದೆ.

"ಅವ್ಳಿಗೆ ಕೇಳ್ಸಲ್ಲ ಸಾರ್, ನನ್ನ ಕೇಳಿ," ಎಂದ ಗಂಡ. "ಹೇರ್‌ಪಿನ್ ಹಾಕಿ ಕೆರ್ಕೊಂಡವ್ಳೆ. ಬುದ್ಧಿ ಬ್ಯಾಡ್ವಾ?"

ಅವಳು ನನ್ನನ್ನೇ ದಿಟ್ಟಿಸುತ್ತ ಅಂಗೈಯಿಂದ ತನ್ನ ಕೆನ್ನೆಗೆ ಬಡಿದುಕೊಂಡು ತೋರಿಸಿದಳು.

"ನೋವು ಅಂತವ್ಳೆ, ಬರ್ಕೊಳಿ ಸಾರ್," ಎಂದ.

ಜೊತೆಗೆ ಬಂದವರು ಹೇಳಿದ್ದನ್ನೇ ಬರೆಯುವುದು ನಮ್ಮಲ್ಲಿ ರೂಢಿ. ಹಾಗೇ, ಕಾರಣ ಹೇರ್‌ಪಿನ್ ಎಂದು ಬರೆದೆ. ಅವರು ಹೊರಗೆ ಹೋದ ಕೂಡಲೇ ಬಾಗಿಲಾಚೆ ಛಟೀರೆಂಬ ಸದ್ದು, ತಲೆ ಗೋಡೆಗೆ ಅಪ್ಪಳಿಸಿದ ಸದ್ದು, "ಡಾಕ್ಟ್ರಿಗೇ ಸನ್ನೆ ಮಾಡ್ತೀಯೇನೇ?" ಎಂಬ ಅರಚಾಟ. ನಾನು ಎದ್ದು ಹೋದೆನೇ? ನೆನಪಿಲ್ಲ.

ಈಚೆಗೆ ಹಳೆಯ ಫಾರಂಗಳನ್ನು ತೆಗೆಸಿ ನೋಡಿದೆ. ಅವಳ ಹೆಸರಿನಲ್ಲಿ ಅದೇ ದಿನದ ಎರಡು ಫಾರಂಗಳಿವೆ. ಎರಡನೆಯದು ಬಲಗಿವಿಯದು. ಅಕ್ಷರ ನನ್ನದೇ; ಕಾರಣದ ಜಾಗ ಖಾಲಿ.