ಉದ್ದ ಸಾಲು ಬಿಟ್ಟ ದಿನ

ಪಿಯುಸಿಗೆ ಅರ್ಜಿ ಕೊಡಲು ಹೋದ ದಿನ ನಾನು ವಿಜ್ಞಾನದ ಸಾಲು ಬಿಟ್ಟು ವಾಣಿಜ್ಯದ ಸಾಲಿಗೆ ಹೋಗಿ ನಿಂತೆ. ಅದಕ್ಕೆ ಹಸಿವಲ್ಲದೆ ಬೇರೆ ಕಾರಣವಿರಲಿಲ್ಲ. ಭದ್ರಾವತಿಯ ಓಲ್ಡ್ ಟೌನ್‌ನ ಮನೆಯಿಂದ ಬರೀ ಕಾಫಿ ಕುಡಿದು ಹೊರಟವನು. ಮಧ್ಯಾಹ್ನವಾದರೂ ವಿಜ್ಞಾನದ ಸಾಲು ಕಾಲೇಜಿನ ಗೇಟಿನವರೆಗೆ ಚಾಚಿಕೊಂಡಿತ್ತು. ಪಕ್ಕದ ಸಾಲಿನಲ್ಲಿ ಆರೇ ಜನ. ಅವರಲ್ಲಿ ನಮ್ಮ ಬೀದಿಯ ಗೆಳೆಯನೂ ಇದ್ದ.

"ಬಾರೋ ಮಾರಾಯ, ಕಾಮರ್ಸೂ ಕಾಲೇಜೇ ಅಲ್ವಾ? ಬೇಗ ಮುಗ್ಸಿ ದೋಸೆ ತಿನ್ನೋಣ."

ಹೋದೆ. ದೋಸೆಯನ್ನೂ ತಿಂದೆ. ಚೆನ್ನಾಗಿಯೇ ಇತ್ತು.

ಗಿಡಗಳ ಹುಚ್ಚು ನನಗೆ ಚಿಕ್ಕಂದಿನಿಂದ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ, ಮಗ ಸಸ್ಯಶಾಸ್ತ್ರ ಓದುತ್ತಾನೆಂದು ಕಂಡವರಿಗೆಲ್ಲ ಹೇಳಿಕೊಂಡಿದ್ದರು. ಸಂಜೆ ರಸೀದಿ ನೋಡಿ, "ನಾಳೆ ಹೋಗಿ ಬದಲಾಯಿಸ್ಕೊಂಡು ಬರೋಕಾಗಲ್ವಾ?" ಎಂದರು.

"ಆಗಲ್ಲ ಅಂತಾರಪ್ಪ," ಎಂದುಬಿಟ್ಟೆ. ನಾನು ಯಾರನ್ನೂ ಕೇಳಿರಲಿಲ್ಲ. ಮತ್ತೆ ಆ ಸಾಲಿನಲ್ಲಿ ನಿಲ್ಲಲು ಬೇಸರ, ಅಷ್ಟೆ. ಸಾಲು ಬದಲಿಸಿದ್ದನ್ನು ಆಮೇಲೆ ನನಗೆ ನಾನೇ ಕ್ಷಮಿಸಿಕೊಂಡೆ. ಆ ಸುಳ್ಳು ಮಾತ್ರ ಬಹಳ ವರ್ಷ ಚುಚ್ಚಿತು.

ಬಿ.ಕಾಂ. ಮುಗಿಯಿತು. ಶಿವಮೊಗ್ಗದ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಆಲ್ಕೊಳದಲ್ಲಿ ಮನೆಯೂ ಆಯಿತು. ಕೆಟ್ಟ ಬದುಕೇನಲ್ಲ. ಆದರೆ ಮಗಳು ಪಿಯುಸಿಗೆ ಸೇರಿ ಜೀವಶಾಸ್ತ್ರದ ಪುಸ್ತಕ ತಂದಾಗ, ಅವಳು ಮಲಗಿದ ಮೇಲೆ ನಾನದನ್ನು ಓದತೊಡಗಿದೆ. ಒಂದು ಭಾನುವಾರ ಹೆಂಡತಿ ಪೇಪರಿನ ಒಂದು ಚೂರು ಕತ್ತರಿಸಿ ನನ್ನ ಮುಂದಿಟ್ಟಳು. ಕಸಿ ಕಟ್ಟುವ ತರಬೇತಿಯ ಪ್ರಕಟಣೆ.

"ನನಗೀಗ ಐವತ್ತೊಂದು ಕಣೇ."

"ಗಿಡಕ್ಕೆ ನಿಮ್ಮ ವಯಸ್ಸು ಗೊತ್ತಾಗುತ್ತೇನ್ರೀ? ರಜೆ ಹಾಕಿ, ಹೋಗಿ."

ತರಬೇತಿಯಲ್ಲಿ ಎಲ್ಲರೂ ನನ್ನ ಮಗಳ ವಯಸ್ಸಿನವರು. ಕಲಿಸುತ್ತಿದ್ದವರು ನನಗಿಂತ ಹಿರಿಯ ತೋಟಗಾರ. ಅಪ್ಪೆಮಿಡಿ ಮಾವಿನ ಕಡ್ಡಿಯನ್ನು ನಾನು ಹೆದರಿ ಹೆದರಿ ಕೆತ್ತುವುದನ್ನು ನೋಡಿ, "ಸಾರ್, ಪೆನ್ಸಿಲ್ ಜೀವ್ತಾ ಇದೀರಾ? ಒಂದೇ ಎಳೆತ ಎಳೀರಿ!" ಎಂದು ನಕ್ಕರು.

ತಿಂಗಳ ಮೇಲೆ ಹೋಗಿ ನೋಡಿದರೆ ನಾನು ಕಟ್ಟಿದ ಇಪ್ಪತ್ತು ಕಸಿಗಳೂ ಒಣಗಿದ್ದವು. ಒಂದೂ ಉಳಿಯಲಿಲ್ಲ. ಮನೆಗೆ ಹೊರಟು ಬಸ್‌ಸ್ಟಾಪಿನವರೆಗೆ ಬಂದವನು ತಿರುಗಿ ಹೋಗಿ ಅವರನ್ನು ಕೇಳಿದೆ: "ಮುಂದಿನ ಬ್ಯಾಚಿಗೆ ಮತ್ತೆ ಬರಬಹುದಾ?"

"ಧಾರಾಳವಾಗಿ ಬನ್ನಿ. ಬೇಡ ಅಂದೋರು ಯಾರು?"

ಎರಡನೇ ಸಲ ಹತ್ತರಲ್ಲಿ ಏಳು ಚಿಗುರಿದವು. ಬೆರಳ ತುದಿಯಷ್ಟು ಕೆಂಪು ಎಲೆ ಕಂಡ ಬೆಳಿಗ್ಗೆ ನಾನು ಕಚೇರಿಗೆ ತಡವಾಗಿ ಹೋದೆ.

ಅವುಗಳಲ್ಲಿ ಒಂದನ್ನು ಓಲ್ಡ್ ಟೌನ್ ಮನೆಗೆ ಒಯ್ದೆ. ಅಪ್ಪ ಅಲ್ಲಿ ನನ್ನ ತಮ್ಮನ ಸಂಸಾರದೊಂದಿಗಿದ್ದಾರೆ. ಹಿತ್ತಲಲ್ಲಿ ಗುಂಡಿ ತೆಗೆಯುತ್ತಲೇ ಹಳೆಯ ಸುಳ್ಳನ್ನು ಒಪ್ಪಿಕೊಂಡೆ.

"ಗೊತ್ತಿತ್ತು ಕಣೋ," ಎಂದರು. "ಮಾರನೇ ದಿನ ನಾನೇ ಕಾಲೇಜಿಗೆ ಹೋಗಿ ವಿಚಾರಿಸ್ದೆ. ಬದಲಾಯಿಸೋಕೆ ಇನ್ನೂ ಒಂದು ವಾರ ಇದೆ ಅಂದ್ರು."

"ಮತ್ಯಾಕೆ ಹೇಳ್ಲಿಲ್ಲ?"

"ನೀನೇ ಬಂದು ಕೇಳ್ತೀಯಾ ಅಂತ ಕಾದೆ. ವಾರ ಮುಗೀತು. ತಪ್ಪು ನಂದೂ ಇದೆ."

ಅಪ್ಪ ಗುಂಡಿಯೊಳಗೆ ಬಗ್ಗಿ ನೋಡಿದರು. "ಗುಂಡಿ ಇನ್ನೊಂದು ಗೇಣು ಆಳ ಬೇಕು," ಎಂದರು. ನಾನು ಗುದ್ದಲಿ ಎತ್ತಿಕೊಂಡೆ. ಮೂವತ್ತೈದು ವರ್ಷ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಹೊತ್ತಿದ್ದದ್ದು ಅಲ್ಲಿಗೆ ಇಳಿಯಿತು.

ಮರುವರ್ಷ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಸೋಗಾನೆಯ ಹತ್ತಿರ ಗುತ್ತಿಗೆಗೆ ಹಿಡಿದ ಜಾಗದಲ್ಲಿ ಈಗ ನನ್ನದೇ ನರ್ಸರಿ ಇದೆ. ನಾನು ಕಟ್ಟಿದ ಕಸಿ ಹಿಡಿಯುತ್ತದೆಂದು ಜನ ಹುಡುಕಿಕೊಂಡು ಬರುತ್ತಾರೆ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈ ಮಳೆಗಾಲಕ್ಕೆ ಹಲಸಿನ ಕಸಿ ಶುರು ಮಾಡಿದ್ದೇನೆ. ಅದು ಮಾವಿಗಿಂತ ಹಟಮಾರಿ. ಮೊದಲ ಸರದಿ ಒಣಗಿದೆ, ಎರಡನೆಯದಕ್ಕೆ ಕಡ್ಡಿ ಕತ್ತರಿಸಿಟ್ಟಿದ್ದೇನೆ.